ಸ್ಕ್ರೀನ್ ಟೇರಿಂಗ್: ಲಿನಕ್ಸ್ ಗೇಮಿಂಗ್‌ನಲ್ಲಿ ಸಿಕ್ಕಿದ್ದಕ್ಕೆಲ್ಲ ಅಂಟಿಸುವ ಹೆಸರು

ಲಿನಕ್ಸ್‌ನಲ್ಲಿ ಗೇಮ್ ಆಡುವಾಗ ಚಿತ್ರ ತಡವರಿಸಿದರೂ ಟೇರಿಂಗ್, ಪರದೆ ಮಿಣುಗುಟ್ಟಿದರೂ ಟೇರಿಂಗ್, ಗೋಡೆಯ ಮೇಲೆ ಬಣ್ಣದ ಚೌಕಗಳು ಎದ್ದರೂ ಟೇರಿಂಗ್. ಈ ಬಳಕೆ ಇನ್ನಾದರೂ ನಿಲ್ಲಬೇಕು, ಏಕೆಂದರೆ ಇಲ್ಲಿ ಹೆಸರು ತಪ್ಪಿದರೆ ಪರಿಹಾರವೂ ತಪ್ಪುತ್ತದೆ. ಟೇರಿಂಗ್‌ಗೆ ಇರುವ ವಿ-ಸಿಂಕ್ (ಹೊಸ ಚಿತ್ರವನ್ನು ಮಾನಿಟರ್‌ನ ಲಯಕ್ಕೆ ತಕ್ಕಂತೆ ತಡೆದು ಬಿಡುವ ಸೆಟ್ಟಿಂಗ್) ಅನ್ನು ತಡವರಿಕೆಗೆ ಹಾಕಿದರೆ ತಡವರಿಕೆ ಹೆಚ್ಚಾಗುವ ಸಂಭವವೂ ಉಂಟು. ಬಣ್ಣದ ಚೌಕಗಳಿಗಂತೂ ಅದರಿಂದ ಏನೂ ಆಗುವುದಿಲ್ಲ.

ಟೇರ್ ಅಂದರೆ ಹರಿಯುವುದು, ಎರಡು ತುಂಡಾಗುವುದು. ಮಾನಿಟರ್ ಒಂದು ಫ್ರೇಮನ್ನು, ಅಂದರೆ ಒಂದು ಪೂರ್ತಿ ಚಿತ್ರವನ್ನು, ಒಮ್ಮೆಗೇ ತೋರಿಸುವುದಿಲ್ಲ. ಮೇಲಿನಿಂದ ಕೆಳಗೆ ಸಾಲು ಸಾಲಾಗಿ ಬರೆಯುತ್ತ ಬರುತ್ತದೆ. 60 ಹರ್ಟ್ಸ್‌ನಲ್ಲಿ, ಅಂದರೆ ಸೆಕೆಂಡಿಗೆ 60 ಸುತ್ತು ಬರೆಯುವಾಗ, ಈ ಒಂದು ಸುತ್ತಿಗೆ ಸುಮಾರು 16.7 ಮಿಲಿಸೆಕೆಂಡ್, 144 ಹರ್ಟ್ಸ್‌ನಲ್ಲಿ 6.9. ಸುತ್ತು ಮುಗಿಯುವ ಮೊದಲೇ ಗ್ರಾಫಿಕ್ಸ್ ಕಾರ್ಡ್ ಹೊಸ ಫ್ರೇಮ್ ಕೊಟ್ಟುಬಿಟ್ಟರೆ ಪರದೆಯ ಮೇಲುಭಾಗದಲ್ಲಿ ಹಳೇ ಫ್ರೇಮ್, ಕೆಳಭಾಗದಲ್ಲಿ ಹೊಸದು. ಇವೆರಡೂ ಕೂಡುವ ಅಡ್ಡಗೆರೆಯೇ ಟೇರ್. ಕ್ಯಾಮೆರಾ ಎಡಕ್ಕೋ ಬಲಕ್ಕೋ ತಿರುಗುವಾಗ ಒಂದು ದೀಪದ ಕಂಬ ನಡುವೆ ತುಂಡಾಗಿ, ಕೆಳಗಿನ ತುಂಡು ಪಕ್ಕಕ್ಕೆ ಸರಿದಂತೆ ಕಾಣುತ್ತದೆ. ದೃಶ್ಯ ಅಲ್ಲಾಡದೆ ನಿಂತಿದ್ದರೆ ಎರಡೂ ಫ್ರೇಮ್ ಒಂದೇ ಥರ ಇರುವುದರಿಂದ ಗೆರೆ ಕಾಣುವುದೇ ಇಲ್ಲ. ಮಾನಿಟರನ್ನು 90 ಡಿಗ್ರಿ ತಿರುಗಿಸಿ ನಿಲ್ಲಿಸಿದ್ದರೆ ಗೆರೆಯೂ ನೆಟ್ಟಗೆ ನಿಲ್ಲುತ್ತದೆ.

ಎಫ್‌ಪಿಎಸ್ (ಗೇಮ್ ಸೆಕೆಂಡಿಗೆ ಬಿಡಿಸುವ ಫ್ರೇಮ್‌ಗಳ ಸಂಖ್ಯೆ) ಮಾನಿಟರ್‌ನ ಹರ್ಟ್ಸ್ ದಾಟಿದಾಗ ಮಾತ್ರ ಟೇರಿಂಗ್ ಬರುತ್ತದೆ ಎಂಬ ನಂಬಿಕೆ ಎಲ್ಲೆಡೆ ಹಬ್ಬಿದೆ. ಅದು ತಪ್ಪು. ವಿ-ಸಿಂಕ್ ಇಲ್ಲದಿದ್ದರೆ 60 ಹರ್ಟ್ಸ್ ಪರದೆಯಲ್ಲಿ 45 ಎಫ್‌ಪಿಎಸ್ ಓಡಿದರೂ ಫ್ರೇಮ್ ಸುತ್ತಿನ ನಡುವೆಯೇ ಬದಲಾಗಬಹುದು. ಎಲ್ಲಕ್ಕಿಂತ ಕಣ್ಣಿಗೆ ಹೊಡೆಯುವುದು ಎಫ್‌ಪಿಎಸ್ ಹರ್ಟ್ಸ್‌ಗೆ ತೀರಾ ಹತ್ತಿರ, ಅಂದರೆ 59ರಲ್ಲೋ 61ರಲ್ಲೋ ಇದ್ದಾಗ. ಆಗ ಗೆರೆ ಒಂದೆಡೆ ಮಿಂಚಿ ಮಾಯವಾಗದೆ, ಪರದೆಯುದ್ದಕ್ಕೂ ನಿಧಾನವಾಗಿ ತೆವಳುತ್ತದೆ.

ಗುರುತು ಹಿಡಿಯಲು ಸುಲಭದ ಪರೀಕ್ಷೆ ಸ್ಕ್ರೀನ್‌ಶಾಟ್. ಅದು ಸಾಮಾನ್ಯವಾಗಿ ಮೆಮೊರಿಯಲ್ಲಿರುವ ಪೂರ್ತಿ ಫ್ರೇಮಿನ ನಕಲು. ಟೇರ್ ಆಗುವುದು ಫ್ರೇಮ್ ಅಲ್ಲಿಂದ ಮಾನಿಟರ್‌ಗೆ ಹೋಗುವ ಹೊತ್ತಿನಲ್ಲಿ. ಹಾಗಾಗಿ ಸ್ಕ್ರೀನ್‌ಶಾಟ್‌ನಲ್ಲೂ ಚೌಕಗಳು, ಚೂಪು ತ್ರಿಕೋನಗಳು, ಕಪ್ಪಾದ ಟೆಕ್ಸ್ಚರ್ ಕಂಡರೆ ಅದು ಟೇರಿಂಗ್ ಅಲ್ಲ, ಚಿತ್ರ ಬಿಡಿಸುವ ಹಂತದಲ್ಲೇ ಆದ ಆರ್ಟಿಫ್ಯಾಕ್ಟ್. ಕಾರ್ಡನ್ನು ಓವರ್‌ಕ್ಲಾಕ್ ಮಾಡಿದ್ದರೆ, ಅಂದರೆ ನಿಗದಿತ ವೇಗಕ್ಕಿಂತ ಹೆಚ್ಚು ಓಡಿಸುತ್ತಿದ್ದರೆ, ಮೊದಲು ಅದನ್ನು ತೆಗೆಯಿರಿ. ಆಮೇಲೆ ಮೆಸಾ (ಎಎಂಡಿ, ಇಂಟೆಲ್ ಕಾರ್ಡ್‌ಗಳ ಡ್ರೈವರ್) ಅಥವಾ ಎನ್‌ವಿಡಿಯಾ ಡ್ರೈವರ್‌ನ ಆವೃತ್ತಿ ಬದಲಿಸಿ ನೋಡಿ, ವಿಂಡೋಸ್ ಗೇಮ್‌ಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್‌ನ ಬೇರೆ ಆವೃತ್ತಿಯನ್ನೂ ಪ್ರಯತ್ನಿಸಿ. ಫೋನಿನಲ್ಲಿ ತೆಗೆದ ವಿಡಿಯೊವನ್ನು ಸಾಕ್ಷಿಯಾಗಿ ಹಿಡಿಯಬೇಡಿ. ಫೋನ್ ಕ್ಯಾಮೆರಾ ತಾನೂ ಸಾಲು ಸಾಲಾಗಿ ಓದುವುದರಿಂದ ಇಲ್ಲದ ಪಟ್ಟಿಗಳನ್ನು ತೋರಿಸುತ್ತದೆ.

ಟೇರಿಂಗ್ ಹೌದೆಂದು ಖಾತ್ರಿಯಾದ ಮೇಲೆ ಸೆಷನ್ ಎಕ್ಸ್11 ಹೌದೋ ವೇಲ್ಯಾಂಡ್ ಹೌದೋ (ಲಿನಕ್ಸ್‌ನಲ್ಲಿ ಕಿಟಕಿಗಳನ್ನು ಪರದೆಗೆ ತರುವ ಹಳೆಯ ಮತ್ತು ಹೊಸ ವ್ಯವಸ್ಥೆಗಳು) ನೋಡಿಕೊಳ್ಳಿ. ಅದಿಲ್ಲದೆ ಯಾವ ಸಲಹೆಗೂ ಅರ್ಥವಿಲ್ಲ. ಎಕ್ಸ್11ರಲ್ಲಿ ಎಎಂಡಿ ಕಾರ್ಡ್ ಇದ್ದರೆ ಎಕ್ಸ್‌ರ್ಯಾಂಡರ್ (xrandr) ಎಂಬ ಕಮಾಂಡ್ ಮೂಲಕ ಆ ಮಾನಿಟರ್ ಜೋಡಿಸಿರುವ ಔಟ್‌ಪುಟ್‌ಗೆ ಟೇರ್‌ಫ್ರೀ ಆನ್ ಮಾಡಿದರೆ ಸಾಕು. ಎನ್‌ವಿಡಿಯಾ ಇದ್ದರೆ ಅದರ ಸೆಟ್ಟಿಂಗ್ಸ್‌ನಲ್ಲಿ ಫೋರ್ಸ್ ಫುಲ್ ಕಾಂಪೊಸಿಷನ್ ಪೈಪ್‌ಲೈನ್ ಆನ್ ಮಾಡಬೇಕು. ಗೆರೆ ಹೋಗುತ್ತದೆ, ಆದರೆ ಮೌಸ್ ಅಲ್ಲಾಡಿಸಿದ್ದು ಪರದೆಗೆ ಬರುವುದು ತುಸು ತಡವಾಗುತ್ತದೆ. ಇಡೀ ಡೆಸ್ಕ್‌ಟಾಪನ್ನು ಎನ್‌ವಿಡಿಯಾ ಬಿಡಿಸಿ ಇಂಟೆಲ್ ಮೂಲಕ ಪರದೆಗೆ ಕಳಿಸುವ ಲ್ಯಾಪ್‌ಟಾಪ್‌ಗಳಲ್ಲಿ ಮಾತ್ರ ದಾರಿ ಬೇರೆ: ಎನ್‌ವಿಡಿಯಾ-ಡಿಆರ್‌ಎಂ ಎಂಬ ಡ್ರೈವರ್ ಮಾಡ್ಯೂಲ್‌ನ ಮೋಡ್‌ಸೆಟ್ ಸೆಟ್ಟಿಂಗನ್ನು 1 ಮಾಡದೆ ಅಲ್ಲಿ ಪ್ರೈಮ್ ಸಿಂಕ್ (ಎರಡು ಕಾರ್ಡ್‌ಗಳ ಫ್ರೇಮ್‌ಗಳನ್ನು ಹೊಂದಿಸುವ ವ್ಯವಸ್ಥೆ) ಕೆಲಸವನ್ನೇ ಮಾಡುವುದಿಲ್ಲ.

ವೇಲ್ಯಾಂಡ್‌ನಲ್ಲಿ ಕಾಂಪೊಸಿಟರ್ (ಕಿಟಕಿಗಳನ್ನೆಲ್ಲ ಸೇರಿಸಿ ಪರದೆಯ ಚಿತ್ರ ಕಟ್ಟುವ ತಂತ್ರಾಂಶ) ಪೂರ್ತಿಯಾದ ಫ್ರೇಮನ್ನಷ್ಟೇ, ಅದೂ ಸುತ್ತು ಮುಗಿದ ಮೇಲಷ್ಟೇ ಪರದೆಗೆ ಬಿಡುತ್ತದೆ. ಅಲ್ಲೂ ಗೆರೆ ಕಂಡರೆ ಹೆಚ್ಚಾಗಿ ಯಾರೋ ಅನುಮತಿ ಕೊಟ್ಟಿರುತ್ತಾರೆ. ವಿಳಂಬ ಕಡಿಮೆಯಾಗಲಿ ಎಂದು ಗೇಮ್ ತಾನೇ ಟೇರಿಂಗ್ ಕೇಳಿಕೊಳ್ಳುವ ಪ್ರೋಟೋಕಾಲ್ ಒಂದಿದೆ. ಕೆಡಿಇ ಪ್ಲಾಸ್ಮಾ ಡೆಸ್ಕ್‌ಟಾಪ್‌ನಲ್ಲಾದರೆ ಡಿಸ್‌ಪ್ಲೇ ಸೆಟ್ಟಿಂಗ್ಸ್‌ನಲ್ಲಿ ಫುಲ್‌ಸ್ಕ್ರೀನ್ ಕಿಟಕಿಗಳಿಗೆ ಟೇರಿಂಗ್ ಬಿಡಬೇಕೇ ಎಂಬ ಆಯ್ಕೆ ಇರುತ್ತದೆ. ಅದನ್ನು ಆಫ್ ಮಾಡಿ, ಇಲ್ಲವೇ ಗೇಮಿನೊಳಗೆ ವಿ-ಸಿಂಕ್ ಹಾಕಿ.

ಎಲ್ಲಕ್ಕಿಂತ ಒಳ್ಳೆಯ ಪರಿಹಾರ ವಿಆರ್‌ಆರ್ (ಬದಲಾಗುವ ರಿಫ್ರೆಶ್ ದರ), ಫ್ರೀಸಿಂಕ್ ಹೆಸರಿನಲ್ಲಿ ಬರುವುದೂ ಇದೇ. ಇದರಲ್ಲಿ ಮಾನಿಟರ್ ಮುಂದಿನ ಫ್ರೇಮಿಗಾಗಿ ಕಾಯುತ್ತದೆ. ಆದರೆ ಅದಕ್ಕೆ ವ್ಯಾಪ್ತಿ ಇದೆ, ಉದಾಹರಣೆಗೆ 48ರಿಂದ 144 ಹರ್ಟ್ಸ್. ವಿ-ಸಿಂಕ್ ಇಲ್ಲದೆ ಎಫ್‌ಪಿಎಸ್ 144 ದಾಟಿತೋ ಟೇರಿಂಗ್ ಮತ್ತೆ ಹಾಜರಾಗಬಹುದು. ಅದಕ್ಕೇ ಫ್ರೇಮ್ ಮಿತಿಯನ್ನು 141ರ ಸುತ್ತ ಇಡುವುದು. ಎಕ್ಸ್11ರಲ್ಲಿ ಎರಡನೇ ಮಾನಿಟರ್ ಚಾಲೂ ಇದ್ದರೆ ವಿಆರ್‌ಆರ್ ಸಾಮಾನ್ಯವಾಗಿ ಕೆಲಸ ಮಾಡುವುದಿಲ್ಲ. ಅದೊಂದು ಕಾರಣಕ್ಕೇ ವೇಲ್ಯಾಂಡ್‌ಗೆ ಹೋಗುವುದು ಸರಿ.

ಇನ್ನು ತಡವರಿಕೆ, ಅಂದರೆ ಸ್ಟಟರ್. ಇದರಲ್ಲಿ ಚಿತ್ರ ತುಂಡಾಗುವುದಿಲ್ಲ, ಫ್ರೇಮ್ ತಡವಾಗಿ ಬರುತ್ತದೆ ಅಷ್ಟೆ. ಗೇಮಿನ ಮೇಲೆ ಅಂಕಿಅಂಶ ತೋರಿಸುವ ಮ್ಯಾಂಗೊಹಡ್ ಹಾಕಿ ಫ್ರೇಮ್‌ಟೈಮ್ (ಒಂದು ಫ್ರೇಮಿಗೆ ಹಿಡಿದ ಸಮಯ) ಗೆರೆ ನೋಡಿ: 16.7ರಲ್ಲಿ ನೇರ ಹೋಗುತ್ತಿದ್ದದ್ದು ಹೊಸ ಜಾಗಕ್ಕೆ ಕಾಲಿಟ್ಟಾಗಲೆಲ್ಲ 60, 80 ಮಿಲಿಸೆಕೆಂಡ್‌ಗೆ ಜಿಗಿದರೆ ಶೇಡರ್ (ಕಾರ್ಡ್‌ನಲ್ಲಿ ಓಡಿ ಚಿತ್ರ ಬಿಡಿಸುವ ಪುಟ್ಟ ಪ್ರೋಗ್ರಾಂ) ಕಂಪೈಲ್ ಆಗುತ್ತಿರುವ ಸಂಭವವೇ ಹೆಚ್ಚು. ಸ್ಟೀಮ್‌ನ ಶೇಡರ್ ಪ್ರೀ-ಕ್ಯಾಶಿಂಗ್ ಆನ್ ಇರಲಿ, ಗೇಮ್ ಶುರುವಾಗುವ ಮುಂಚೆ ನಡೆಯುವ ಆ ಕೆಲಸವನ್ನು ಸ್ಕಿಪ್ ಒತ್ತಿ ಹಾರಿಸಬೇಡಿ.

ಮಿಣುಗುಟ್ಟುವುದು ಮತ್ತೊಂದೇ ಕಥೆ. ವೇಲ್ಯಾಂಡ್‌ನಲ್ಲಿ ಎನ್‌ವಿಡಿಯಾ ಕಾರ್ಡ್ ಇದ್ದು, ಎಕ್ಸ್‌ವೇಲ್ಯಾಂಡ್ (ಎಕ್ಸ್11ರ ತಂತ್ರಾಂಶವನ್ನು ವೇಲ್ಯಾಂಡ್‌ನಲ್ಲಿ ಓಡಿಸುವ ಪದರ) ಮೂಲಕ ಓಡುವ ಗೇಮಿನಲ್ಲಿ ಹಳೇ ಫ್ರೇಮ್ ಮತ್ತೆ ಮತ್ತೆ ಇಣುಕುತ್ತಿದ್ದರೆ ಕಾರಣ ಎಕ್ಸ್‌ಪ್ಲಿಸಿಟ್ ಸಿಂಕ್ (ಫ್ರೇಮ್ ಪೂರ್ತಿ ಸಿದ್ಧವಾಯಿತೆಂದು ಡ್ರೈವರ್ ಸ್ಪಷ್ಟವಾಗಿ ತಿಳಿಸುವ ವ್ಯವಸ್ಥೆ) ಇಲ್ಲದಿರುವುದು. 2024ರಲ್ಲಿ ಬಂದ ಎನ್‌ವಿಡಿಯಾದ 555 ಸರಣಿಯ ಡ್ರೈವರ್, ಎಕ್ಸ್‌ವೇಲ್ಯಾಂಡ್ 24.1, ಜೊತೆಗೆ ಪ್ಲಾಸ್ಮಾ 6.1ರಂತೆ ಅದನ್ನು ಬಲ್ಲ ಕಾಂಪೊಸಿಟರ್ — ಮೂರೂ ಇರಬೇಕು, ಅಥವಾ ಅವುಗಳಿಗಿಂತ ಹೊಸವು. ಡ್ರೈವರ್ ಒಂದನ್ನೇ ಅಪ್‌ಡೇಟ್ ಮಾಡಿ, ಉಳಿದ ಎರಡನ್ನು ಹಳೆಯದಾಗೇ ಬಿಟ್ಟರೆ ಮಿಣುಕು ಹೋಗುವುದಿಲ್ಲ.