ಕತ್ತರಿಗೆ ಸಿಗದ ನಗೆ

ಪತ್ತೇದಾರಿ ಕಥೆಯ ಚಿತ್ರವೊಂದು ಉದ್ದವಾಯಿತೆಂದು ನಿರ್ಮಾಪಕರು ಹೇಳಿದರೆ, ಬೆಂಗಳೂರಿನ ಎಡಿಟಿಂಗ್ ಕೊಠಡಿಗಳಲ್ಲಿ ಮೊದಲು ಕತ್ತರಿ ಬೀಳುವುದು ಹಾಸ್ಯದೃಶ್ಯಗಳಿಗೆ. ಕಾಮಿಡಿ ಟ್ರ್ಯಾಕನ್ನು ಮುಖ್ಯ ಕಥೆಯಿಂದ ಬೇರೆಯಾಗಿಯೇ ಬರೆಸುವ ರೂಢಿ ಗಾಂಧಿನಗರದಲ್ಲಿ ಇರುವುದರಿಂದ, ಅದನ್ನು ತೆಗೆದರೂ ಕಥೆ ನಡೆಯುತ್ತದೆ. ಹಾಗೆ ತೆಗೆಯಲಾಗದ ನಗೆ ಹೇಗಿರುತ್ತದೆಂದು ನನ್ನ ಸಹಾಯಕರು ಕೇಳಿದಾಗ ನಾನು ತೋರಿಸುವುದು, ಸ್ಟ್ಯಾನ್ಲಿ ಡಾನೆನ್ ನಿರ್ದೇಶಿಸಿ ಜಿಮ್ ಕ್ಲಾರ್ಕ್ ಸಂಕಲಿಸಿದ 1963ರ ‘ಶರೇಡ್’ ಚಿತ್ರವನ್ನು.

ಅದು ಆರಂಭವಾಗುವುದು ಓಡುವ ರೈಲಿನಿಂದ ಉರುಳಿಬಿದ್ದ ಹೆಣದೊಂದಿಗೆ. ಮುಂದಿನ ದೃಶ್ಯದಲ್ಲಿ, ಹಿಮದೂರಿನ ಬಿಸಿಲಿನಲ್ಲಿ ಕುಳಿತ ನಾಯಕಿ ರೆಜಿನಾಳತ್ತ ಪಿಸ್ತೂಲೊಂದು ಗುರಿಯಿಡುತ್ತದೆ. ಅದರಿಂದ ಚಿಮ್ಮುವುದು ನೀರು, ಹಿಡಿದವನು ಅವಳ ಗೆಳತಿಯ ಪುಟ್ಟ ಮಗ. ಹೆಣವನ್ನು ಈಗಷ್ಟೇ ಕಂಡಿದ್ದರಿಂದ ನಮಗೆ ಮೊದಲು ಎದೆ ಝಲ್ಲೆನ್ನುತ್ತದೆ, ನಗು ಬರುವುದು ಆಮೇಲೆ. ಆ ಹುಡುಗನನ್ನು ಕತ್ತರಿಸುವಂತಿಲ್ಲ, ಏಕೆಂದರೆ ಕಳುವಾದ 2,50,000 ಡಾಲರ್‌ನ ಒಗಟು ಬಿಚ್ಚಿಕೊಳ್ಳುವುದು ಅವನ ಹವ್ಯಾಸದ ಮೂಲಕ. ಹೇಗೆಂಬುದನ್ನು, ಇನ್ನೂ ನೋಡದವರ ಸಲುವಾಗಿ, ಹೇಳದೆ ಬಿಡುತ್ತೇನೆ.

ನಾನು ಹೆಚ್ಚು ಹೊತ್ತು ನಿಲ್ಲಿಸಿ ತೋರಿಸುವುದು ರೈಲಿನಿಂದ ಬಿದ್ದವನ, ಅಂದರೆ ರೆಜಿನಾಳ ಗಂಡನ, ಅಂತ್ಯಕ್ರಿಯೆಯ ದೃಶ್ಯ. ಚರ್ಚು ಹೆಚ್ಚುಕಡಿಮೆ ಖಾಲಿ. ಅಪರಿಚಿತರು ಮೂವರು ಒಬ್ಬೊಬ್ಬರಾಗಿ ಬರುತ್ತಾರೆ: ಒಬ್ಬ ಶವಪೆಟ್ಟಿಗೆಯ ಮೇಲೆ ಬಾಗಿ ಸೀನುತ್ತಾನೆ, ಇನ್ನೊಬ್ಬ ಹೆಣದ ಮೂಗಿಗೆ ಕನ್ನಡಿ ಹಿಡಿಯುತ್ತಾನೆ, ಮತ್ತೊಬ್ಬ ಅದಕ್ಕೆ ಗುಂಡುಸೂಜಿ ಚುಚ್ಚುತ್ತಾನೆ. ಸತ್ತವನು ಇವರಿಗೆ ಮೋಸಮಾಡಿದ್ದಾನೆ, ಅವನ ಸಾವನ್ನೂ ಇವರು ನಂಬುತ್ತಿಲ್ಲ, ಇನ್ನು ಮುಂದೆ ಇವರ ಕಣ್ಣು ರೆಜಿನಾಳ ಮೇಲೆ ಎಂಬುದೆಲ್ಲ ಹೆಚ್ಚು ಮಾತಿಲ್ಲದೆ ತಿಳಿದುಬಿಡುತ್ತದೆ. ಇಲ್ಲಿ ಸಂಕಲನಕಾರ ಅವಸರಪಡುವುದಿಲ್ಲ. ಪ್ರತಿಯೊಬ್ಬನಿಗೂ ಬಂದು ಹೋಗುವಷ್ಟು ಸಮಯ ಕೊಟ್ಟು, ನಡುವೆ ರೆಜಿನಾಳ ಮುಖಕ್ಕೆ ಮರಳುತ್ತಾನೆ. ಇಂದಿನ ಅಭ್ಯಾಸದಂತೆ ಆ ಬಿಡುವುಗಳನ್ನು ಬಿಗಿಗೊಳಿಸಿದರೆ ನಗೆಯೂ ಸಾಯುತ್ತದೆ, ಅನುಮಾನವೂ ಸಾಯುತ್ತದೆ.

ಪ್ರೇಮದ ಎಳೆಯೂ ಇದೇ ಬಗೆಯದು. ನಾಯಕನಾದ ಕ್ಯಾರಿ ಗ್ರಾಂಟ್ ಮತ್ತು ರೆಜಿನಾ ಆದ ಆಡ್ರಿ ಹೆಪ್‌ಬರ್ನ್ ನಡುವೆ ವಯಸ್ಸಿನಲ್ಲಿ 25 ವರ್ಷಗಳ ಅಂತರವಿತ್ತು. ಅದರಿಂದ ಮುಜುಗರಪಟ್ಟ ಗ್ರಾಂಟ್ ಅವರ ಒತ್ತಾಯದಂತೆ, ನಾಯಕಿಯೇ ನಾಯಕನ ಬೆನ್ನುಹತ್ತುವ ಹಾಗೆ ಪೀಟರ್ ಸ್ಟೋನ್ ಚಿತ್ರಕಥೆಯನ್ನು ತಿದ್ದಿದರು. ಕಥೆಗೆ ಇದರಿಂದ ದೊಡ್ಡ ಲಾಭವೇ ಆಯಿತು ಎಂಬುದು ನನ್ನ ಅಭಿಪ್ರಾಯ. ಹೆಸರು ಬದಲಿಸುತ್ತಲೇ ಹೋಗುವ ಆ ಮನುಷ್ಯ ಯಾರೆಂದು ಕೇಳುವವಳೂ ಅವಳೇ, ಉತ್ತರಕ್ಕೆ ಕಾಯದೆ ಮನಸ್ಸು ಕೊಡುವವಳೂ ಅವಳೇ ಆದ್ದರಿಂದ, ಅವನ ಪ್ರತಿಯೊಂದು ಹೊಸ ಹೆಸರಿಗೂ ನಾವು ನಗುತ್ತೇವೆ, ಅವಳಿಗಾಗಿ ಹೆದರುತ್ತೇವೆ.

ಹಕ್ಕುಸ್ವಾಮ್ಯದ ಸೂಚನೆಯನ್ನು ಸರಿಯಾಗಿ ಮುದ್ರಿಸದ ಕಾರಣ ಅಮೆರಿಕದಲ್ಲಿ ಈ ಚಿತ್ರ ಬಿಡುಗಡೆಯಾದಾಗಲೇ ಸಾರ್ವಜನಿಕ ಸ್ವತ್ತಾಯಿತು. ಹಾಗಾಗಿ ಮಸುಕಾದ ಪ್ರತಿಗಳೂ ಬೇಕಾದಷ್ಟಿವೆ. ಕಲಿಯಲೆಂದು ನೋಡುವವರು ದಯವಿಟ್ಟು ಸ್ವಚ್ಛಗೊಳಿಸಿದ ಪ್ರತಿಯನ್ನೇ ಹುಡುಕಿಕೊಳ್ಳಬೇಕು. ಕೊನೆಯಲ್ಲಿ, ಪ್ಯಾರಿಸ್‌ನ ಪಾಲೆ ರೊಯಾಲ್‌ನ ಕಂಬಸಾಲಿನಲ್ಲಿ, ತನ್ನನ್ನೇ ನಂಬೆಂದು ಇಬ್ಬರು ಗಂಡಸರು ಎರಡು ಕಡೆಯಿಂದ ಅವಳನ್ನು ಕರೆಯುತ್ತಾರೆ. ಯಾರು ಯಾವ ಕಂಬದ ಹಿಂದಿದ್ದಾರೆ ಎಂಬುದು ಆ ಕತ್ತಲಲ್ಲಿ ಸ್ಪಷ್ಟವಾಗಿ ಕಾಣದಿದ್ದರೆ, ಅವಳ ಆಯ್ಕೆ ಎಷ್ಟು ಕಷ್ಟದ್ದೆಂದು ತಿಳಿಯುವುದಿಲ್ಲ.