ಅಸ್ಸಾಮಿ ಸಿನಿಮಾ: ಊರು ದೂರ ಮಾಡಿದ ನಟಿ, ಊರಿಗೆ ಮರಳಿದ ನಿರ್ದೇಶಕಿ

ಅಸ್ಸಾಮಿನ ಕಾಮರೂಪ ಜಿಲ್ಲೆಯ ಛಾಯ್‌ಗಾಂವ್ ಬಳಿ ಕಲರ್ದಿಯಾ ಎಂಬ ಹಳ್ಳಿಯಿದೆ. ಮೊದಲ ಚಿತ್ರದ ಕೆಲಸದ ಮೇಲೆ ಹುಟ್ಟೂರಾದ ಅಲ್ಲಿಗೆ ಬಂದಿದ್ದ ನಿರ್ದೇಶಕಿ ರೀಮಾ ದಾಸ್, ಥರ್ಮಾಕೋಲ್ ಕತ್ತರಿಸಿ ಮಾಡಿಕೊಂಡ ವಾದ್ಯಗಳನ್ನು ಹಿಡಿದು ಮೈಮರೆತು ಕುಣಿಯುತ್ತಿದ್ದ ಹುಡುಗರನ್ನು ಕಂಡರು. ಆ ನೋಟದಿಂದ ಹುಟ್ಟಿದ ‘ವಿಲೇಜ್ ರಾಕ್‌ಸ್ಟಾರ್ಸ್’, 2018ರಲ್ಲಿ ಪ್ರಕಟವಾದ 65ನೇ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ದೇಶದ ಅತ್ಯುತ್ತಮ ಚಿತ್ರವೆನಿಸಿತು. ನಿರ್ದೇಶಕ ಜಾನು ಬರುವಾ ಅವರ ಚಿತ್ರಕ್ಕೆ ಆ ಗೌರವ ಸಂದ ಮೂರು ದಶಕಗಳ ನಂತರ ಅದು ಮತ್ತೆ ಅಸ್ಸಾಮಿ ಭಾಷೆಗೆ ಒಲಿದಿತ್ತು. ಈ ಗೆಲುವಿನ ತೂಕ ತಿಳಿಯಬೇಕಾದರೆ 1935ಕ್ಕೆ ಹೋಗಬೇಕು.

ಆ ವರ್ಷ ಬಿಡುಗಡೆಯಾದ ‘ಜಯಮತಿ’ ಅಸ್ಸಾಮಿ ಭಾಷೆಯ ಮೊದಲ ಚಲನಚಿತ್ರ. ಗಂಡಸರೇ ಹೆಣ್ಣಿನ ವೇಷ ಹಾಕುತ್ತಿದ್ದ ಕಾಲದಲ್ಲಿ ನಿರ್ದೇಶಕ ಜ್ಯೋತಿಪ್ರಸಾದ್ ಅಗರ್ವಾಲಾ ಹೆಣ್ಣಿನ ಪಾತ್ರವನ್ನು ಹೆಣ್ಣೇ ಮಾಡಬೇಕೆಂದು ಹಟ ಹಿಡಿದರು. ಭೋಲಾಗುರಿ ಚಹಾತೋಟದಲ್ಲಿ ತಾವೇ ಕಟ್ಟಿಕೊಂಡ ಸ್ಟುಡಿಯೋಗೆ ಗೋಲಾಘಾಟ್ ಕಡೆಯ ಐದೇವ್ ಹಂಡಿಕ್ ಎಂಬ ಹಳ್ಳಿ ಹುಡುಗಿಯನ್ನು ಕರೆತಂದರು. ತಲೆಮರೆಸಿಕೊಂಡ ಗಂಡನ ಸುಳಿವು ಕೊಡದೆ ರಾಜನ ಚಿತ್ರಹಿಂಸೆಯಲ್ಲಿ ಪ್ರಾಣಬಿಟ್ಟ 17ನೇ ಶತಮಾನದ, ಅಸ್ಸಾಮನ್ನು ಆಳಿದ ಆಹೋಮ್ ವಂಶದ ರಾಜಕುಮಾರಿ ಜಯಮತಿಯ ಪಾತ್ರ ಅವರದಾಯಿತು.

ಚಿತ್ರೀಕರಣ ಮುಗಿಸಿ ಬಂದ ಐದೇವ್ ಅವರನ್ನು ಊರು ಸೇರಿಸಿಕೊಳ್ಳಲಿಲ್ಲ. ಪರಪುರುಷನೊಬ್ಬನನ್ನು, ನಟನೆಯಲ್ಲೇ ಆಗಲಿ, ಗಂಡನೆಂದು ಕರೆದದ್ದೇ ಅವರ ತಪ್ಪು. ಕೈಹಿಡಿಯಲು ಯಾರೂ ಮುಂದೆ ಬರಲಿಲ್ಲ. ಮನೆಯವರಿಂದಲೂ ಬೇರೆಯಾಗಿ ಒಂದು ಗುಡಿಸಲಿನಲ್ಲಿ ಬದುಕಬೇಕಾಯಿತು. ಮತ್ತೊಂದು ಸಿನಿಮಾದ ಮಾತು ದೂರವೇ ಉಳಿಯಿತು. ಜಯಮತಿಯನ್ನು ಪತಿವ್ರತೆಯೆಂದು ಪೂಜಿಸುವ ನಾಡೇ, ಅವಳ ಮಾತುಗಳಿಗೆ ದನಿಯಾದ ಹುಡುಗಿಯನ್ನು ಹೊರಗಿಟ್ಟಿತೆಂಬುದು ಅಸ್ಸಾಮಿ ಚಿತ್ರರಂಗದ ಇತಿಹಾಸದಲ್ಲಿ ಇಂದಿಗೂ ನೋಯುವ ಸಂಗತಿ. ಗೌರವ, ಮಾಸಾಶನಗಳೆಲ್ಲ ಮುಪ್ಪಿನಲ್ಲಿ ಬಂದವು. 2002ರ ಡಿಸೆಂಬರ್‌ನಲ್ಲಿ ಅವರು ತೀರಿಕೊಂಡರು.

ಹೆಣ್ಣುಮಕ್ಕಳು ಕ್ಯಾಮೆರಾದ ಹಿಂದೆ ನಿಲ್ಲಲು ಅಲ್ಲಿ ಸುಮಾರು ಅರ್ಧ ಶತಮಾನವೇ ಬೇಕಾಯಿತು. 1980ರ ದಶಕದಲ್ಲಿ ಸುಪ್ರಭಾ ದೇವಿ ಆ ದಾರಿ ತೆರೆದರು. 1996ರಲ್ಲಿ ಸಾಂತ್ವನಾ ಬರ್ದಲೈ, ಇಂದಿರಾ ಗೋಸ್ವಾಮಿಯವರ ಕಾದಂಬರಿಯನ್ನು ಆಧರಿಸಿ, ಮಠದ ಕಟ್ಟುಪಾಡುಗಳಲ್ಲಿ ಸವೆಯುವ ವಿಧವೆಯರ ಬದುಕನ್ನು ತೆರೆಗೆ ತಂದರು. ನಂತರ ಮಂಜು ಬರಾ ಬಂದರು.

ರೀಮಾ ದಾಸ್ ಹೊರಟದ್ದು ನಟಿಯಾಗಲು. 2003ರಲ್ಲಿ ಮುಂಬೈ ಸೇರಿ ನಾಟಕಗಳಲ್ಲಿ ಅಭಿನಯಿಸಿದರು, ಪ್ರೇಮಚಂದರ ‘ಗೋದಾನ’ದ ರಂಗರೂಪವೂ ಅವುಗಳಲ್ಲಿ ಒಂದು. ಆದರೆ ಹಿಂದಿ ಉಚ್ಚಾರಣೆ ತೊಡಕಾಯಿತು, ಅವಕಾಶಗಳು ಕೈಗೆ ಸಿಗಲಿಲ್ಲ. ಸಿನಿಮಾ ಶಾಲೆಯ ಮೆಟ್ಟಿಲು ಹತ್ತದೆ, ಲೋಕದ ಒಳ್ಳೆಯ ಚಿತ್ರಗಳನ್ನು ನೋಡುತ್ತ ನೋಡುತ್ತಲೇ ಅವರು ನಿರ್ದೇಶನ ಕಲಿತರು. ‘ವಿಲೇಜ್ ರಾಕ್‌ಸ್ಟಾರ್ಸ್’ಗೆ ಚಿತ್ರಕಥೆ, ಛಾಯಾಗ್ರಹಣ, ಸಂಕಲನ, ನಿರ್ಮಾಣ ಎಲ್ಲವೂ ಅವರದೇ. ಫೋಟೊ ತೆಗೆಯುವ ಸಾಮಾನ್ಯ ಡಿಜಿಟಲ್ ಕ್ಯಾಮೆರಾ ಹಿಡಿದು, ಮಳೆ, ನೆರೆ, ಬಿಸಿಲುಗಳಿಗೆ ಕಾಯುತ್ತ, ಕೆಲವು ವರ್ಷಗಳ ಕಾಲ ಊರಿನ ಮಕ್ಕಳನ್ನೇ ಚಿತ್ರಿಸಿಕೊಂಡರು. ಸೋದರ ಸಂಬಂಧಿ ಮಲ್ಲಿಕಾ ದಾಸ್ ಸ್ಥಳದಲ್ಲೇ ಧ್ವನಿ ಹಿಡಿದರು. ಅವರಿಗೂ, ನಾಯಕಿ ಧುನು ಆಗಿ ನಟಿಸಿದ ಬಾಲಕಿ ಭನಿತಾ ದಾಸ್‌ಗೂ ರಾಷ್ಟ್ರ ಪ್ರಶಸ್ತಿ ಬಂತು.

ಧುನುವಿಗೆ ಗಿಟಾರ್ ಬೇಕು. ಅದು ಸಿಗುವತನಕ ಥರ್ಮಾಕೋಲ್ ಗಿಟಾರೇ ಗತಿ. ಮರ ಹತ್ತಿ ಹುಡುಗರ ಜೊತೆ ಬೆಳೆದ ಅವಳು ಮೈನೆರೆದಾಗ ಮನೆಯವರು ಶಾಸ್ತ್ರ ಮಾಡುತ್ತಾರೆ, ಇನ್ನು ಹುಡುಗರೊಂದಿಗೆ ಆಡಬಾರದೆಂಬ ಮಾತು ಊರ ಹೆಂಗಸರಿಂದ ಬರುತ್ತದೆ. ವಿಧವೆ ತಾಯಿ ಮಾತ್ರ ಮಗಳ ಪರ ನಿಲ್ಲುತ್ತಾಳೆ. ಐದೇವ್ ಅವರಿಗೆ ಇಂಥ ಒಬ್ಬರು ಬೇಕಾಗಿತ್ತು ಎಂದು ಆ ದೃಶ್ಯಗಳನ್ನು ನೋಡುವಾಗ ನನಗೆ ಅನ್ನಿಸುತ್ತದೆ.

2018ರಲ್ಲಿ ಬಂದ ರೀಮಾ ಅವರ ಮುಂದಿನ ಚಿತ್ರ ‘ಬುಲ್‌ಬುಲ್ ಕ್ಯಾನ್ ಸಿಂಗ್’ ಇನ್ನೂ ಕಟುವಾದದ್ದು. ಹದಿಹರೆಯದ ಜೋಡಿಗಳ ಮೇಲೆ ಊರಿನ ಕೆಲವರು ನೈತಿಕ ಪೊಲೀಸ್‌ಗಿರಿಗೆ ಇಳಿಯುತ್ತಾರೆ. ಆ ಅವಮಾನಕ್ಕೆ ಒಬ್ಬಳು ಹುಡುಗಿ ಜೀವ ಕಳೆದುಕೊಳ್ಳುತ್ತಾಳೆ. ಹೆಣ್ಣಿನ ನಡತೆಯನ್ನು ಅಳೆಯುವ ಆ ಊರ ಕಣ್ಣು ಎಂಬತ್ತು ವರ್ಷಗಳಲ್ಲಿ ಬದಲಾಗಿಲ್ಲ. ಆದರೆ ಈ ಸಲ ಆ ಕಣ್ಣನ್ನೇ ನೇರವಾಗಿ ಚಿತ್ರಿಸಿದವರು ಅದೇ ಊರುಗಳಲ್ಲಿ ಬೆಳೆದ ಹೆಣ್ಣುಮಗಳು.