ವಾಸಿಯಾಯಿತು ಸರಿ, ಯಾವುದರಿಂದ?

ಯುದ್ಧ ನೋಡಿ ಬಂದು, ಆ ಆಘಾತ ಮನಸ್ಸಿನಲ್ಲೇ ಉಳಿದು ಕಾಡುವ ಪಿಟಿಎಸ್‌ಡಿ ಅನ್ನುವ ಕಾಯಿಲೆಗೆ ನನ್ನ ಹತ್ತಿರ ಬರುವ ಸೈನಿಕರು ಮೊದಲ ಭೇಟಿಯಲ್ಲಿ ನಿದ್ದೆಯ ವಿಷಯ ಬಿಟ್ಟು ಬೇರೇನೂ ಮಾತಾಡುವುದಿಲ್ಲ. ನಾಲ್ಕೈದು ಸಲ ಬಂದು ಹೋದ ಮೇಲೆ ಜೇಬಿನಿಂದ ಮೊಬೈಲ್ ಹೊರಗೆ ಬರುತ್ತದೆ. ‘ಡಾಕ್ಟ್ರೇ, ಇದೊಂದು ನೋಡಿ.’ ಪರದೆ ಮೇಲೆ ಅವರ ಹಾಗೇ ಇರುವ ಒಬ್ಬ ಮಾಜಿ ಸೈನಿಕ. ಹತ್ತು ವರ್ಷ ನರಳಿದೆ, ಒಂದೇ ಇಂಜೆಕ್ಷನ್‌ಗೆ ಎಲ್ಲ ಹೋಯಿತು ಅಂತ ಕಣ್ಣೊರೆಸಿಕೊಳ್ಳುತ್ತಿರುತ್ತಾನೆ. ಒಮ್ಮೆ ಇಂಜೆಕ್ಷನ್, ಒಮ್ಮೆ ಆಮ್ಲಜನಕದ ಕೊಠಡಿ, ಒಮ್ಮೆ ಮುಖ ಎದೆಗಳ ಮೇಲೆ ಬೆರಳಿನಿಂದ ತಟ್ಟಿಕೊಳ್ಳುವ ವಿಧಾನ. ಇತ್ತೀಚೆಗೆ ಅಮಲಿನ ಔಷಧಗಳದೇ ಮಾತು ಜಾಸ್ತಿ.

ಆ ಮನುಷ್ಯ ಸುಳ್ಳು ಹೇಳುತ್ತಿದ್ದಾನೆ ಅಂತ ನನಗೆ ಅನಿಸುವುದಿಲ್ಲ. ಅವನಿಗೆ ಗುಣವಾಗಿರಲೂಬಹುದು. ಆದರೆ ಯಾವುದರಿಂದ ಗುಣವಾಯಿತು ಅನ್ನುವುದು ಅವನಿಗೂ ಗೊತ್ತಿರುವುದಿಲ್ಲ. ನನ್ನ ತಕರಾರು ಇಷ್ಟೇ.

ಆಮ್ಲಜನಕದ ಕೊಠಡಿಯನ್ನೇ ತೆಗೆದುಕೊಳ್ಳಿ. ಗಾಳಿಯ ಒತ್ತಡ ಹೆಚ್ಚಿಸಿದ ಕೊಠಡಿಯಲ್ಲಿ ಕೂತು ಆಮ್ಲಜನಕ ಉಸಿರಾಡುವುದು. ಆಳ ಸಮುದ್ರಕ್ಕೆ ಇಳಿಯುವವರಿಗೆ ಬರುವ ತೊಂದರೆಗೆ, ಬೇಗ ಮಾಯದ ಕೆಲವು ಗಾಯಗಳಿಗೆ ಇದು ನಿಜಕ್ಕೂ ಮದ್ದು. ಸ್ಫೋಟದಲ್ಲಿ ತಲೆಗೆ ಪೆಟ್ಟಾದ, ಮನಸ್ಸೂ ಕದಡಿದ ಸೈನಿಕರಿಗೂ ಇದು ಆಗಿಬರುತ್ತದೆ ಅಂತ ಅಮೆರಿಕದಲ್ಲಿ ಸುದ್ದಿ ಹಬ್ಬಿತು. ಅಲ್ಲಿನ ಸೇನೆ ಅದನ್ನು ಪರೀಕ್ಷೆಗೆ ಹಚ್ಚಿತು. ತಲೆಪೆಟ್ಟಿನ ನಂತರದ ತೊಂದರೆಗಳಿದ್ದ 72 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಎಂದಿನ ಚಿಕಿತ್ಸೆ ಮಾತ್ರ. ಎರಡನೆಯದಕ್ಕೆ ಅದರ ಜೊತೆ 40 ಸಲ ನಿಜವಾದ ಆಮ್ಲಜನಕ. ಮೂರನೆಯದಕ್ಕೂ ಅಷ್ಟೇ ಸಲ ಕೊಠಡಿ, ಆದರೆ ಒತ್ತಡ ನೆಪಕ್ಕೆ, ಒಳಗಿದ್ದದ್ದು ಮಾಮೂಲಿ ಗಾಳಿ. ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಕೊಠಡಿಗೆ ಹೋದ ಎರಡೂ ಗುಂಪಿನವರು ಸುಧಾರಿಸಿದ್ದರು. ಹೋಗದವರು ಅಷ್ಟು ಸುಧಾರಿಸಿರಲಿಲ್ಲ. ಆಮ್ಲಜನಕಕ್ಕೂ ಬರೀ ಗಾಳಿಗೂ ಹೇಳಿಕೊಳ್ಳುವ ವ್ಯತ್ಯಾಸವೇ ಕಾಣಲಿಲ್ಲ.

ಎರಡನೇ ಗುಂಪಿನವರು ಮಾತ್ರ ನಿಮಗೆ ಸಿಕ್ಕಿದ್ದರೆ? ‘ಆಮ್ಲಜನಕದಿಂದಲೇ ಬದುಕಿದೆ’ ಅನ್ನುತ್ತಿದ್ದರು. ಪ್ರಾಮಾಣಿಕವಾಗಿಯೇ ಅನ್ನುತ್ತಿದ್ದರು. ಮೂರನೇ ಗುಂಪಿನವರೂ ಅದನ್ನೇ ಅನ್ನುತ್ತಿದ್ದರು, ಅಲ್ವಾ?

ಹಾಗಾದರೆ ಕೆಲಸ ಮಾಡಿದ್ದು ಏನು? ಪರೀಕ್ಷೆ ಅದನ್ನು ಹೇಳುವುದಿಲ್ಲ, ನನ್ನ ಊಹೆ ಹೇಳುತ್ತೇನೆ. ದಿನಾ ಗೊತ್ತಾದ ಹೊತ್ತಿಗೆ ಎದ್ದು ಹೊರಡುವುದು. ಒಂದು ಗಂಟೆ ಸುಮ್ನೆ ಕೂರುವುದು. ಯಾರೋ ಹೆಸರು ಹಿಡಿದು ಕರೆದು ರಾತ್ರಿ ಹೇಗಿತ್ತು ಅಂತ ಕೇಳುವುದು. ವಾರಗಟ್ಟಲೆ ಬಾಗಿಲು ಹಾಕಿಕೊಂಡು ಕೂತವನಿಗೆ ಇವು ಸಣ್ಣ ಸಂಗತಿಗಳೇನಲ್ಲ. ಆದರೆ ಇಷ್ಟಕ್ಕೆ ಒತ್ತಡದ ಕೊಠಡಿಯ ಬಿಲ್ ಕಟ್ಟಬೇಕಾ?

ಇಂಜೆಕ್ಷನ್ ಕತೆ ಸ್ವಲ್ಪ ತೊಡಕಿನದು. ಕುತ್ತಿಗೆಯಲ್ಲಿ ಸ್ಟೆಲೇಟ್ ಗ್ಯಾಂಗ್ಲಿಯನ್ ಅನ್ನುವ ನರಗಂಟು ಇದೆ. ಅಪಾಯ ಬಂದಾಗ ಮೈಯನ್ನು ಸೆಟೆದು ನಿಲ್ಲಿಸುವ ನರಜಾಲದ ಭಾಗ ಅದು. ಅಲ್ಲಿ ಮರಗಟ್ಟಿಸುವ ಮದ್ದು ಹಾಕಿದರೆ ಸದಾ ಬೆಚ್ಚಿಬೀಳುವ ಮೈ ತಣ್ಣಗಾಗಬಹುದು ಅನ್ನುವುದು ಲೆಕ್ಕಾಚಾರ. ತಲೆಬುಡವಿಲ್ಲದ ಮಾತೇನಲ್ಲ. ಮೊದಲಿನ ಒಂದು ಪರೀಕ್ಷೆಯಲ್ಲಿ ಅದು ಹುಸಿ ಇಂಜೆಕ್ಷನ್‌ಗಿಂತ ಮೇಲು ಅಂತ ಕಾಣಲಿಲ್ಲ. 113 ಸೈನಿಕರ ಮೇಲೆ ಮಾಡಿ 2020ರಲ್ಲಿ ಪ್ರಕಟಿಸಿದ ಇನ್ನೊಂದರಲ್ಲಿ ಎಂಟು ವಾರಕ್ಕೆ ಮೇಲು ಅಂತಲೇ ಕಂಡಿತು. ಇಲ್ಲೊಂದು ತಮಾಷೆ ಇದೆ. ನಿಜವಾದ ಮದ್ದು ಸರಿಯಾದ ಜಾಗಕ್ಕೆ ಬಿದ್ದರೆ ಆ ಬದಿಯ ಕಣ್ಣಿನ ರೆಪ್ಪೆ ಕೆಲವು ಗಂಟೆ ಜೋತುಬೀಳುತ್ತದೆ. ತನಗೆ ಸಿಕ್ಕಿದ್ದು ಅಸಲಿಯೋ ಹುಸಿಯೋ ಅಂತ ತಿಳಿಯಲು ರೋಗಿ ಕನ್ನಡಿ ನೋಡಿಕೊಂಡರೆ ಸಾಕು! ಅಮೆರಿಕದ ಮಾಜಿ ಸೈನಿಕರ ಇಲಾಖೆ ಮತ್ತು ರಕ್ಷಣಾ ಇಲಾಖೆ ಸೇರಿ 2023ರಲ್ಲಿ ಹೊರತಂದ ಮಾರ್ಗಸೂಚಿ, ಇದರ ಪರ ಅಥವಾ ವಿರುದ್ಧ ಹೇಳುವಷ್ಟು ಪುರಾವೆ ಇಲ್ಲ ಅಂದಿದೆ. ನಾನೂ ಅಲ್ಲೇ ನಿಂತಿದ್ದೇನೆ.

ಎಂಡಿಎಂಎದ್ದೂ ಇದೇ ಪೇಚು. ಪಾರ್ಟಿಗಳಲ್ಲಿ ಎಕ್ಸ್‌ಟಸಿ ಅಂತ ನುಂಗುವ ವಸ್ತು ಅದು. ನುಂಗಿದವನಿಗೆ ನುಂಗಿದ್ದು ಗೊತ್ತಾಗದೇ ಇರುತ್ತದಾ? ಆಸ್ಟ್ರೇಲಿಯಾ 2023ರ ಜುಲೈನಿಂದ ಪಿಟಿಎಸ್‌ಡಿಗೆ ಇದನ್ನು ಕೊಡಲು ಅನುಮತಿ ಪಡೆದ ಮನೋವೈದ್ಯರಿಗೆ ಮಾತ್ರ ಬಿಟ್ಟಿದೆ. ಅಮೆರಿಕದಲ್ಲಿ ಔಷಧಗಳಿಗೆ ಒಪ್ಪಿಗೆ ಕೊಡುವ ಸಂಸ್ಥೆ ಎಫ್‌ಡಿಎ 2024ರ ಆಗಸ್ಟ್‌ನಲ್ಲಿ ಒಪ್ಪಿಗೆ ಕೊಡದೆ, ಇನ್ನೊಂದು ಪರೀಕ್ಷೆ ಮಾಡಿಕೊಂಡು ಬನ್ನಿ ಅಂದಿತು. ಪುರಾವೆ ಹೆಚ್ಚುಕಡಿಮೆ ಒಂದೇ, ತೀರ್ಮಾನ ಎರಡು.

ನನಗೆ ನಿಜವಾಗಿ ಭಯ ಇರುವುದು ಐಬೊಗೇನ್ ಬಗ್ಗೆ. ಆಫ್ರಿಕಾದ ಒಂದು ಗಿಡದ ಬೇರಿನಿಂದ ಸಿಗುವ ಇದನ್ನು ಪಡೆಯಲು ಅಮೆರಿಕದ ಮಾಜಿ ಸೈನಿಕರು ಗಡಿ ದಾಟಿ ಮೆಕ್ಸಿಕೊಗೆ ಹೋಗುತ್ತಾರೆ. 30 ಮಂದಿಯ ಮೇಲಿನ ಒಂದು ಅಧ್ಯಯನ 2024ರಲ್ಲಿ ದೊಡ್ಡ ಸುದ್ದಿಯಾಯಿತು. ಸುಧಾರಣೆ ಬಹಳವೇ ಕಂಡಿತ್ತು. ಆದರೆ ಹೋಲಿಸಿ ನೋಡಲು ಇನ್ನೊಂದು ಗುಂಪೇ ಇರಲಿಲ್ಲ. ಈ ಮದ್ದು ಹೃದಯದ ಬಡಿತದ ಲಯ ಕೆಡಿಸುತ್ತದೆ, ಜೀವ ಹೋದದ್ದೂ ಇದೆ. ಬೆರಳಿನಿಂದ ತಟ್ಟಿಕೊಂಡರೆ ಹೋಗುವುದು ದುಡ್ಡು, ಸಮಯ. ಇದು ಹಾಗಲ್ಲ.

ಇಷ್ಟೆಲ್ಲ ಹೇಳುವ ನಾವೇನು ಸಾಚಾಗಳಾ? ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಮತ್ತು ಅದರ ನಂತರ ಅಮೆರಿಕದ ಸರ್ಕಾರಿ ಆಸ್ಪತ್ರೆಗಳಲ್ಲಿ ಸುಮಾರು 2,000 ಮಾಜಿ ಸೈನಿಕರಿಗೆ ಲೊಬಾಟಮಿ, ಅಂದರೆ ಮಿದುಳಿನ ಮುಂಭಾಗದ ನರತಂತುಗಳನ್ನು ಕತ್ತರಿಸುವ ಶಸ್ತ್ರಚಿಕಿತ್ಸೆ, ಮಾಡಿದರು. ಅದನ್ನು ಶುರು ಮಾಡಿದ ಎಗಾಸ್ ಮೊನಿಜ್‌ಗೆ 1949ರಲ್ಲಿ ನೊಬೆಲ್ ಬಂತು. ದೂರದ ಕತೆ ಬೇಡ ಅಂದರೆ ಡಿಬ್ರೀಫಿಂಗ್ ಇದೆ. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನು ಬಾಯಿಬಿಡಿಸುವುದು. ಎಷ್ಟು ಸಹಜ ಅನಿಸುತ್ತದೆ! ಹೋಲಿಸಿ ನೋಡಿದಾಗ ಒಂದೇ ಕೂಟದ ಅಂಥ ಮಾತುಕತೆ ಪಿಟಿಎಸ್‌ಡಿಯನ್ನು ತಡೆಯಲಿಲ್ಲ, ಕೆಲವರಿಗೆ ಜಾಸ್ತಿಯೇ ಆಯಿತು. ನನ್ನದೇ ಉದಾಹರಣೆ ಬೇಕಾದರೆ ಪ್ರಾಜೋಸಿನ್. ರಕ್ತದೊತ್ತಡದ ಮಾತ್ರೆ ಅದು. ಕೆಟ್ಟ ಕನಸಿಗೆ ಅಂತ ಧೈರ್ಯವಾಗಿ ಬರೆದುಕೊಡುತ್ತಿದ್ದೆ, ಸಣ್ಣ ಪರೀಕ್ಷೆಗಳು ಸೈ ಅಂದಿದ್ದವು. 2018ರಲ್ಲಿ 304 ಮಾಜಿ ಸೈನಿಕರ ದೊಡ್ಡ ಪರೀಕ್ಷೆ ಬಂತು. ಸಕ್ಕರೆ ಗುಳಿಗೆಯಂಥ ಹುಸಿ ಮಾತ್ರೆಗಿಂತ ಅದು ಮೇಲಾಗಲಿಲ್ಲ. ಆಗಲೇ ಹೇಳಿದ 2023ರ ಮಾರ್ಗಸೂಚಿ ಇನ್ನೂ ಕನಸಿಗೆ ಮಾತ್ರ ಮೆಲ್ಲಗೆ ಹೂಂ ಅನ್ನುತ್ತದೆ. ನಾನು ಈಗಲೂ ಬರೆಯುತ್ತೇನೆ, ಆದರೆ ಹಿಂದಿನ ಆ ಧೈರ್ಯದ ದನಿ ಇಲ್ಲ.

ಪುರಾವೆ ಗಟ್ಟಿಯಾಗಿರುವುದು ಮಾತಿನ ಚಿಕಿತ್ಸೆಗಳಿಗೆ. ಪ್ರೊಲಾಂಗ್ಡ್ ಎಕ್ಸ್‌ಪೋಷರ್, ಘಟನೆಯ ಬಗ್ಗೆ ಬೇರೂರಿದ ಯೋಚನೆಗಳನ್ನು ಒರೆಗೆ ಹಚ್ಚುವ ಕಾಗ್ನಿಟಿವ್ ಪ್ರೊಸೆಸಿಂಗ್ ಥೆರಪಿ, ಕಣ್ಣಾಡಿಸುತ್ತ ನೆನಪಿಸಿಕೊಳ್ಳುವ ಇಎಂಡಿಆರ್. ಮದ್ದಿನಲ್ಲಿ ಖಿನ್ನತೆಗೂ ಕೊಡುವ ಸರ್ಟ್ರಲೀನ್, ಪ್ಯಾರೊಕ್ಸೆಟಿನ್, ವೆನ್ಲಫ್ಯಾಕ್ಸಿನ್. ಆದರೆ ಪ್ರೊಲಾಂಗ್ಡ್ ಎಕ್ಸ್‌ಪೋಷರ್ ರೋಗಿಯಿಂದ ಏನು ಕೇಳುತ್ತದೆ ನೋಡಿ. ಯಾವ ಗಳಿಗೆಯಿಂದ ಓಡುತ್ತಿದ್ದಾನೋ ಅದನ್ನೇ ಕಣ್ಣುಮುಚ್ಚಿ ಮತ್ತೆ ಮತ್ತೆ ಹೇಳು ಅನ್ನುತ್ತದೆ. ಹೇಳಿದ್ದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ಕೇಳು ಅನ್ನುತ್ತದೆ. 916 ಮಾಜಿ ಸೈನಿಕರ ಮೇಲೆ ಮೊದಲೆರಡು ಮಾತಿನ ಚಿಕಿತ್ಸೆಗಳನ್ನು ಹೋಲಿಸಿದಾಗ, ಹೆಚ್ಚುಕಡಿಮೆ ಅರ್ಧದಷ್ಟು ಜನ ನಡುವೆಯೇ ಬಿಟ್ಟು ಹೋದರು. ಪೂರ್ತಿ ಮಾಡಿದವರಲ್ಲೂ ಎಷ್ಟೋ ಮಂದಿಗೆ ಕಾಯಿಲೆ ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ಇಂಥ ಸ್ಥಿತಿಯಲ್ಲಿ ‘ಏನೂ ಹೇಳಬೇಕಾಗಿಲ್ಲ, ಒಂದು ಸೂಜಿ ಸಾಕು’ ಅಂತ ಯಾರಾದರೂ ಅಂದರೆ ಓಡಿಹೋಗದೆ ಇರುತ್ತಾರಾ? ನಾನಾದರೂ ಯೋಚಿಸುತ್ತಿದ್ದೆ.

ಹಾಗಾಗಿ ಮೊಬೈಲ್ ತೋರಿಸಿದಾಗ ನಗುವುದಿಲ್ಲ. ಇಬ್ಬರೂ ಸೇರಿ ಓದುತ್ತೇವೆ. ಹೋಲಿಕೆಗೆ ಇನ್ನೊಂದು ಗುಂಪು ಇತ್ತಾ, ಆರು ತಿಂಗಳ ನಂತರ ವಿಚಾರಿಸಿದರಾ, ಗುಣವಾಗದವರು ಎಲ್ಲಿ ಹೋದರು. ಈ ಕೊನೆಯದಕ್ಕೆ ವಿಡಿಯೊದಲ್ಲಿ ಉತ್ತರ ಸಿಗುವುದೇ ಇಲ್ಲ. ಅಂಥವರು ಕೆಲವೊಮ್ಮೆ ನನ್ನ ಮುಂದೆ ಬಂದು ಕೂರುತ್ತಾರೆ. ‘ಎಲ್ಲರಿಗೂ ಆಯಿತು, ನನಗೆ ಮಾತ್ರ ಆಗಲಿಲ್ಲ, ನಾನೇ ಸರಿಯಿಲ್ಲ’ ಅನ್ನುತ್ತಾರೆ. ಹೋದ ದುಡ್ಡಿಗಿಂತ ಈ ಮಾತು ನನ್ನನ್ನು ಜಾಸ್ತಿ ಕಾಡುತ್ತದೆ.

ಹೋಗಿಯೇ ಹೋಗುತ್ತೇನೆ ಅನ್ನುವವರೂ ಇರುತ್ತಾರೆ. ಅವರಿಗೆ ಒಂದೇ ಮಾತು. ಅಮಲಿನ ಔಷಧ ಕೊಡುವ ಕಡೆ ಮೊದಲು ಖಿನ್ನತೆಯ ಮಾತ್ರೆ ಬಿಡಿ ಅನ್ನುತ್ತಾರೆ. ಏಕಾಏಕಿ ಬಿಟ್ಟರೆ ತಲೆಸುತ್ತು, ನಿದ್ದೆಗೇಡು, ಸಿಡುಕು ಬರಬಹುದು. ಹಳೆಯ ಕಾಯಿಲೆ ಕೆರಳಬಹುದು. ಸಾಯುವ ಯೋಚನೆ ಮರಳುವುದೂ ಉಂಟು. ಮಾತ್ರೆ ನಿಲ್ಲಿಸುವ ಮುಂಚೆ ನನಗೊಂದು ಫೋನ್ ಮಾಡಿ, ಇಸಿಜಿಯನ್ನೂ ಮಾಡಿಸಿಬಿಡೋಣ. ಬೈಯುವುದಿಲ್ಲ.